ಬಾಟಲಿ ತೊಳೆದ ನೀರು

ಬಣಕಲ್‌ನಿಂದ ಜಾವಳಿ ಕಡೆಗೆ ಹೋಗುವ ದಾರಿಯಲ್ಲಿ ಒಂದು ಕಾಫಿ ಎಸ್ಟೇಟಿನೊಳಗೆ ಲ್ಯಾಬ್ ಇತ್ತು. ಅಲ್ಲಿ ನಾನು ಆರು ವರ್ಷ ಕೆಲಸ ಮಾಡಿದೆ. ಎಸ್ಟೇಟಿನಲ್ಲಿ ಲ್ಯಾಬ್ ಎಂದರೆ ಮಣ್ಣು ಪರೀಕ್ಷೆ ಮಾಡುವುದು ಎಂದೇ ಎಲ್ಲರೂ ತಿಳಿಯುತ್ತಿದ್ದರು. ಇದು ಟಿಶ್ಯೂ ಕಲ್ಚರ್ ಲ್ಯಾಬು. ವೆನಿಲ್ಲಾ ಬಳ್ಳಿಯ ಕುಡಿಯಿಂದ ಉಗುರಿನಷ್ಟು ಚೂರು ತೆಗೆದು, ಸಕ್ಕರೆ, ಲವಣ, ಅಗರ್ ಎಂಬ ಅಂಟು ಸೇರಿಸಿ ಮಾಡಿದ ಗಂಜಿಯ ಮೇಲೆ ಗಾಜಿನ ಬಾಟಲಿಯೊಳಗೆ ಬೆಳೆಸುವುದು. ಒಂದು ಚೂರು ಮೂರಾಗುತ್ತದೆ, ಮೂರು ಹತ್ತಾಗುತ್ತವೆ. ಎರಡು ಸಾವಿರದ ಇಸವಿಯ ಆಸುಪಾಸಿನ ಆ ವರ್ಷಗಳಲ್ಲಿ ನಮ್ಮ ಕಡೆ ಕಾಫಿ ಗಿಡದ ನಡುವೆ ವೆನಿಲ್ಲಾ ಹಬ್ಬಿಸದವರೇ ಇರಲಿಲ್ಲ. ಬಳ್ಳಿಯ ತುಂಡಿಗೆ ಕಾದು ನಿಲ್ಲುತ್ತಿದ್ದರು.

ನಾನು ಲ್ಯಾಬಿನ ಉಸ್ತುವಾರಿ. ವಯಸ್ಸು ಇಪ್ಪತ್ತೇಳು. ಚಿಕ್ಕಮಗಳೂರಿನಲ್ಲಿ ಬಿಎಸ್ಸಿ ಓದಿ, ಈ ಕೆಲಸವನ್ನು ಒಂದು ವರ್ಷ ಬೇರೆ ಕಡೆ ಕಲಿತು ಬಂದಿದ್ದೆ. ನನ್ನ ಕೆಳಗೆ ಗಿಡ ಕತ್ತರಿಸುವ ಹುಡುಗಿಯರು ಆರು ಜನ, ಬಾಟಲಿ ತೊಳೆಯುವ ಹೆಂಗಸರು ಐದು ಜನ. ತೊಳೆಯುವವರಿಗೆಲ್ಲ ಹಿರಿಯಳನ್ನು ದೊಡ್ಡಕ್ಕ ಎಂದು ಕರೆಯುತ್ತಿದ್ದೆವು. ಇಪ್ಪತ್ತು ವರ್ಷ ಕಾಫಿ ಕೊಯ್ದು ಮಂಡಿ ಹಿಡಿದುಕೊಂಡ ಮೇಲೆ ಕೂತು ಮಾಡುವ ಈ ಕೆಲಸಕ್ಕೆ ಬಂದಿದ್ದಳು. ಅವಳ ಮಾತು ಕಡಿಮೆ. ಅವಳು ತೊಳೆದ ಬಾಟಲಿಯನ್ನು ನಾನು ಬೆಳಕಿಗೆ ಹಿಡಿದು ನೋಡುವುದನ್ನು ಬಿಟ್ಟು ಎಷ್ಟೋ ಕಾಲವಾಗಿತ್ತು.

ಬಾಟಲಿಗಳು ಇರುತ್ತಿದ್ದ ಕೋಣೆಯೇ ಲ್ಯಾಬಿನ ಜೀವ. ನೆಲದಿಂದ ಸೂರಿನವರೆಗೆ ಕಬ್ಬಿಣದ ರ‍್ಯಾಕುಗಳು, ಪ್ರತಿ ಸಾಲಿಗೂ ಟ್ಯೂಬ್‌ಲೈಟು. ಹದಿನಾರು ಗಂಟೆ ಉರಿಯುವ ಆ ದೀಪಗಳು ಕೋಣೆಯನ್ನು ಒಲೆ ಮಾಡುತ್ತವೆ. ಗಿಡಗಳಿಗೋ ಇಪ್ಪತ್ತೈದು ಡಿಗ್ರಿ ಬೇಕು. ಇಪ್ಪತ್ತೆಂಟು ದಾಟಿದರೆ ಎಲೆ ನೀರುನೀರಾಗುತ್ತದೆ, ಎಲ್ಲೋ ಅಡಗಿದ್ದ ಬೂಷ್ಟು ಎರಡೇ ದಿನದಲ್ಲಿ ಬಾಟಲಿ ತುಂಬಿಕೊಳ್ಳುತ್ತದೆ. ಮೊದಲು ಕಿಟಕಿಗೆ ಹಾಕುವ ಏಸಿಗಳಿದ್ದವು. ಏಪ್ರಿಲ್ ಬಿಸಿಲಿಗೆ ಅವು ಕರೆಂಟು ನುಂಗಿ ಏದುಸಿರು ಬಿಡುತ್ತಿದ್ದವು. ಅದಕ್ಕೇ ಎಸ್ಟೇಟಿನ ಒಡೆಯರಾದ ಸಾಹುಕಾರ್ರು ಅವನ್ನು ತೆಗೆಸಿ ನೀರಿನಿಂದ ತಣಿಯುವ ದೊಡ್ಡ ಮಷೀನು ಹಾಕಿಸಿದ್ದರು. ಅದನ್ನು ಕೂರಿಸಿದ ಚಿಕ್ಕಮಗಳೂರಿನ ಮೆಕ್ಯಾನಿಕ್ ನನಗೆ ಹೇಳಿದ್ದು ಇಷ್ಟು: "ಕೋಣೆಯ ಬಿಸೀನ ಎಲ್ಲಾದ್ರೂ ಬಿಡ್ಲೇಬೇಕಲ್ಲ ಮೇಡಂ. ಬಿಸಿಗಾಳಿಗೆ ಬಿಡೋಕೆ ಮಷೀನು ಒದ್ದಾಡ್ತದೆ, ತಣ್ಣೀರಿಗೆ ಬಿಡೋದು ಸಲೀಸು."

ತಾಮ್ರದ ಕೊಳವೆಗಳಲ್ಲಿ ಹರಿದು ಬಿಸಿ ಹೊತ್ತ ನೀರು ತಾರಸಿಯ ಮೇಲಿನ ಗೋಪುರಕ್ಕೆ ಏರುತ್ತಿತ್ತು. ಅಲ್ಲಿ ಫ್ಯಾನಿನ ಗಾಳಿಗೆ ತುಂತುರಾಗಿ ಬಿದ್ದು, ಒಂದಷ್ಟು ಆವಿಯಾಗಿ, ಉಳಿದದ್ದು ತಣಿದು ಮತ್ತೆ ಕೆಳಗೆ ಬರುತ್ತಿತ್ತು. ಆವಿಯಾದಷ್ಟು ನೀರನ್ನು ತುಂಬುತ್ತಲೇ ಇರಬೇಕು. ಬೇಸಿಗೆಯಲ್ಲಿ ದಿನಕ್ಕೆ ಹತ್ತು ಡ್ರಮ್ಮು. ಅದನ್ನು ಲ್ಯಾಬಿನ ಕೆಳಗಿನ ಹಳ್ಳದಿಂದ ಪಂಪು ಎಳೆಯುತ್ತಿತ್ತು. ಬಾಟಲಿ ತೊಳೆಯಲು ಬೇರೆ ಬೋರ್‌ವೆಲ್ ಇತ್ತು. ಬೆಳಿಗ್ಗೆ ಎರಡು ಗಂಟೆ ಓಡಿಸಿದರೆ ಆಮೇಲೆ ಗಾಳಿ ಉಗುಳುವಂಥದ್ದು.

ಆ ವರ್ಷ ಕಾಫಿ ಹೂ ಅರಳಿಸುವ ಹೂಮಳೆ ಒಂದೇ ಸಲ ಬಂದು ಹೋಯಿತು. ಏಪ್ರಿಲ್ ನಡುವಿಗೆ ದೇವರಮನೆ ಕಡೆಯ ಗುಡ್ಡಗಳ ಹುಲ್ಲು ಸುಟ್ಟ ಬಣ್ಣಕ್ಕೆ ತಿರುಗಿತ್ತು. ಹಳ್ಳ ಕಲ್ಲಿನಿಂದ ಕಲ್ಲಿಗೆ ಜಿನುಗುವಷ್ಟಾಗಿತ್ತು.

ಒಂದು ಬೆಳಿಗ್ಗೆ ಪಂಪು ಬರೀ ಗೊರಗೊರ ಎಂದಿತು. ಇಳಿದು ನೋಡಿದರೆ ದೊಡ್ಡಕ್ಕ ಹಳ್ಳದ ಕಲ್ಲಿನ ಮೇಲೆ ಕೂತಿದ್ದಳು. ಪೈಪಿನ ತುದಿಗೆ ಇರುವ, ಎಳೆದ ನೀರು ಹಿಂದಕ್ಕೆ ಇಳಿಯದಂತೆ ತಡೆಯುವ ಫುಟ್‌ವಾಲ್ವ್ ಬಿಚ್ಚಿ ಅವಳ ತೊಡೆಯ ಮೇಲಿತ್ತು. ಹಿಂದೆ ಲೈನ್ ಮನೆಗಳ ನಾಲ್ಕೈದು ಹೆಂಗಸರು ಖಾಲಿ ಕೊಡ ಹಿಡಿದು ನಿಂತಿದ್ದರು. ಕೂಲಿಯವರ ಆ ಮನೆಗಳು ಹಳ್ಳದ ಕೆಳದಂಡೆಯಲ್ಲಿದ್ದವು. ಅವರು ನೀರು ತುಂಬುತ್ತಿದ್ದುದು ನಮ್ಮ ಪಂಪು ದಾಟಿ ಬಂದ ನೀರು ನಿಲ್ಲುವ ಒಂದು ಗುಂಡಿಯಿಂದ.

"ಒಂದು ಕೊಡ ತುಂಬಕ್ಕೆ ಒಂದು ಗಂಟೆ ಕಾಯ್ಬೇಕು," ಎಂದಳು ದೊಡ್ಡಕ್ಕ. "ನಿಮ್ಮ ಮಷೀನಿಗೆ ಕುಡಿಯಕ್ಕೆ ನೀರು ಅದೆ. ನಮ್ಗೆ ಇಲ್ಲ."

"ಗಿಡ ಸತ್ತು ಹೋಗ್ತವೆ ದೊಡ್ಡಕ್ಕ."

"ಗೊತ್ತು. ಅದಕ್ಕೇ ಕೇಳ್ತಾ ಇದೀನಿ, ಎಂತ ಮಾಡದು ಅಂತ."

ಅವಳು ಜಗಳಕ್ಕೆ ಬಂದಿರಲಿಲ್ಲ. ಜಗಳವಾಗಿದ್ದರೆ ನನಗೂ ಏನಾದರೂ ಹೇಳಲು ಬರುತ್ತಿತ್ತು. "ಸೋಮವಾರದವರೆಗೆ ಸಮಯ ಕೊಡಿ," ಎಂದೆ. "ಅಲ್ಲಿಂದ ಹಳ್ಳದ ನೀರು ಒಂದು ಹನಿ ಎಳೆಯೋದಿಲ್ಲ. ನಾನು ಹೇಳ್ತಿದ್ದೀನಲ್ಲ." ಹೇಗೆ ಎಂದು ನನಗೇ ಗೊತ್ತಿರಲಿಲ್ಲ. ಅವಳು ವಾಲ್ವನ್ನು ಮತ್ತೆ ಪೈಪಿಗೆ ತಿರುಗಿಸಿ ಹಾಕಿದಳು.

ಸಾಹುಕಾರ್ರು ಕೆಟ್ಟವರಲ್ಲ, ಆದರೆ ಆ ದಿನ ಅವರಿಗೆ ಕೇಳುವ ತಾಳ್ಮೆ ಇರಲಿಲ್ಲ. "ಮಳೆ ಹಿಡಿಯೋ ಮುಂಚೆ ಗಿಡ ಕೊಡ್ತೀನಿ ಅಂತ ಕಳಸದಿಂದ ಮೂಡಿಗೆರೆ ತನಕ ಮಾತು ಕೊಟ್ಟು ಕೂತಿದ್ದೀನಿ. ಈಗ ಮಷೀನು ನಿಲ್ಲಿಸು ಅಂತೀಯಲ್ಲಮ್ಮ. ಲೈನ್‌ಗೆ ಟ್ಯಾಂಕರ್ ತರಿಸಿದ್ರಾಯ್ತು."

"ನಮ್ಮ ಏರಿಗೆ ಟ್ಯಾಂಕರ್ ಹತ್ತೋದಿಲ್ಲ ಸರ್."

ಮೆಕ್ಯಾನಿಕ್ ಆ ದಿನ ಸರ್ವೀಸಿಗೆ ಬಂದಿದ್ದರು. ಐವತ್ತು ದಾಟಿದ ಸಣಕಲು ಮನುಷ್ಯ, ಚೀಲದ ತುಂಬ ಸ್ಪ್ಯಾನರುಗಳು. ನಮ್ಮ ಮಾತು ಮುಗಿಯುವವರೆಗೆ ಅವರು ತೊಳೆಯುವ ಶೆಡ್ಡಿನಿಂದ ಹೊರಗೆ ಹರಿಯುವ ಚರಂಡಿಯನ್ನೇ ನೋಡುತ್ತ ನಿಂತಿದ್ದರು.

"ಈ ನೀರು ಎಲ್ಲಿಗೆ ಹೋಗ್ತದೆ?"

"ತೋಟಕ್ಕೆ."

"ಬಯಲುಸೀಮೆಯ ಒಂದು ಫ್ಯಾಕ್ಟರೀಲಿ ಚರಂಡಿ ನೀರನ್ನೇ ಶುದ್ಧ ಮಾಡಿ ಟವರಿಗೆ ಬಿಡ್ತಿದ್ರು. ನಾನೇ ಕೆಲಸ ಮಾಡಿ ಬಂದಿದ್ದೀನಿ. ಕುಡಿಯೋಕಲ್ಲವಲ್ಲ ಇದು. ಕೋಣೆಯ ಗಾಳೀನೂ ಮುಟ್ಟೋದಿಲ್ಲ. ಕೊಳವೇಲಿ ಹರಿದು ಬಿಸಿ ಹೊತ್ಕೊಂಡು ಹೋಗ್ತದೆ, ಅಷ್ಟೆ."

ಸಾಹುಕಾರ್ರು ಮುಖ ಸಿಂಡರಿಸಿದರು. ನಂತರ ನನ್ನ ಕಡೆ ತಿರುಗಿ, "ನಾಲ್ಕು ದಿನ ಕೊಡ್ತೀನಿ. ಆಗ್ಲಿಲ್ಲ ಅಂದ್ರೆ ಹಳ್ಳದ ನೀರೇ," ಎಂದರು.

ಪಲ್ಪರ್ ಮನೆಯ ಹಿಂದೆ ಮೂರು ಸಿಮೆಂಟ್ ತೊಟ್ಟಿಗಳಿದ್ದವು. ಕಾಫಿ ಹಣ್ಣಿನ ಸಿಪ್ಪೆ ಬಿಡಿಸಿದ ಹುಳಿ ನೀರನ್ನು ಕೊಯ್ಲಿನ ಕಾಲದಲ್ಲಿ ನಿಲ್ಲಿಸಲು ಕಟ್ಟಿಸಿದ್ದು. ಫೆಬ್ರವರಿಯಿಂದ ಖಾಲಿ. ಅವನ್ನು ಉಜ್ಜಿಸಿದೆ. ಮೊದಲನೆಯದರಲ್ಲಿ ಸುಣ್ಣ ಹಾಕಿ ಕೆಸರು ತಳಕ್ಕೆ ಕೂರಿಸುವುದು, ಎರಡನೆಯದರಲ್ಲಿ ಜಲ್ಲಿ ತುಂಬಿ ಕೊಳೆನೀರಲ್ಲೂ ಬೆಳೆಯುವ ಕಾಬಾಳೆ ಗಿಡ ನೆಟ್ಟು ಬೇರುಗಳ ನಡುವೆ ಹಾಯಿಸುವುದು, ಮೂರನೆಯದರಿಂದ ಮರಳು ಮತ್ತು ಇದ್ದಿಲು ತುಂಬಿದ ಡ್ರಮ್ಮಿನಲ್ಲಿ ಸೋಸಿ, ಬ್ಲೀಚಿಂಗ್ ಪೌಡರ್ ಬೆರೆಸಿ ಮೇಲಕ್ಕೆ ಏರಿಸುವುದು. "ಗಿಡ ಬೇರು ಬಿಡ್ಲಿ, ನೀರು ಹದಿನೈದು ದಿನ ನಿಲ್ಲಲಿ," ಎಂದಿದ್ದರು ಮೆಕ್ಯಾನಿಕ್. ನನ್ನ ಬಳಿ ಇದ್ದದ್ದು ನಾಲ್ಕು ದಿನ. ಸೋಮವಾರ ಬೆಳಿಗ್ಗೆ, ಕಣ್ಣಿಗೆ ತಿಳಿಯಾಗಿ ಕಂಡ ನೀರನ್ನು ಗೋಪುರಕ್ಕೆ ಬಿಟ್ಟೆ.

ಎರಡು ದಿನ ಎಲ್ಲ ಸರಿಯಿತ್ತು. ಹಳ್ಳದ ಗುಂಡಿಯಲ್ಲಿ ನೀರು ನಿಂತಿತು. ಲೈನಿನ ಹೆಂಗಸರು ನನ್ನನ್ನು ಕಂಡು ನಕ್ಕರು. ಬುಧವಾರ ಗೋಪುರದಿಂದ ಸೋಪಿನ ನೊರೆ ಹತ್ತಿಯಂತೆ ಹಾರಿ ಅಂಗಳಕ್ಕೆ ಬಿತ್ತು. ಸೋಪಿನ ಪುಡಿ ಅರ್ಧಕ್ಕೆ ಇಳಿಸಿದೆ. ಗುರುವಾರ ಬೆಳಿಗ್ಗೆ ಮಷೀನಿನ ಒತ್ತಡದ ಗಡಿಯಾರದ ಮುಳ್ಳು ಎಂದೂ ನಿಲ್ಲದ ಜಾಗಕ್ಕೆ ಏರಿತು. ಊಟದ ಹೊತ್ತಿಗೆ ಟಕ್ ಎಂದು ಮಷೀನು ತಾನೇ ನಿಂತಿತು. ಮತ್ತೆ ಹಾಕಿದೆ, ಐದು ನಿಮಿಷಕ್ಕೆ ಮತ್ತೆ ನಿಂತಿತು.

ಚಿಕ್ಕಮಗಳೂರಿಗೆ, ಮೆಕ್ಯಾನಿಕ್‌ಗೆ ಫೋನ್ ಮಾಡಿದರೆ, ನಾಳೆ ಬೆಳಗಿನ ಬಸ್ಸಿಗೆ ಬರ್ತೀನಿ ಎಂದರು. ಸಾಹುಕಾರ್ರು ಮೂಡಿಗೆರೆಗೆ ಹೋಗಿದ್ದರು. ಕೋಣೆಯೊಳಗೆ ಇಪ್ಪತ್ತೆಂಟು. ಅರ್ಧ ದೀಪ ಆರಿಸಿದೆ. ಇಪ್ಪತ್ತೊಂಬತ್ತು. ಬಾಟಲಿಗಳ ಒಳಮೈಗೆ ಬೆವರು ಕೂತಿತ್ತು. ಗಿಡ ಕತ್ತರಿಸುವ ಹುಡುಗಿಯರು ಕೆಲಸ ನಿಲ್ಲಿಸಿ ನನ್ನ ಮುಖವನ್ನೇ ನೋಡುತ್ತಿದ್ದರು.

ಎರಡು ಗಂಟೆಗೆ ನಾನೊಬ್ಬಳೇ ಪಂಪ್‌ಹೌಸಿಗೆ ಇಳಿದೆ. ಶೆಡ್ಡಿನಲ್ಲಿ ತೊಳೆಯುವವರ ಬೆನ್ನು ಕಾಣುತ್ತಿತ್ತು, ಬಾಟಲಿಗಳ ಕಿಣಿಕಿಣಿ ಕೇಳುತ್ತಿತ್ತು. ಗೋಪುರದ ನೀರನ್ನು ಪೂರ್ತಿ ಹೊರಗೆ ಬಿಟ್ಟು, ಹಳ್ಳದ ತಣ್ಣೀರು ನೇರವಾಗಿ ಮಷೀನಿನ ಮೂಲಕ ಹರಿದು ತೋಟಕ್ಕೆ ಹೋಗುವಂತೆ ವಾಲ್ವ್ ತಿರುಗಿಸಿದೆ. ಸ್ವಿಚ್ ಒತ್ತುವ ಮೊದಲು ಶೆಡ್ಡಿನ ಕಡೆ ಒಮ್ಮೆ ನೋಡಿದೆ. ಒತ್ತಿದೆ. ಮುಳ್ಳು ಇಳಿಯಿತು. ಮೂರು ಗಂಟೆ ಓಡಿಸಿದೆ. ಐದಕ್ಕೆ ಕೋಣೆ ಇಪ್ಪತ್ತಾರಕ್ಕೆ ಬಂತು. ಪಂಪು ನಿಲ್ಲಿಸಿ, ಯಾರಿಗೂ ಏನೂ ಹೇಳದೆ ರಿಜಿಸ್ಟರಿನಲ್ಲಿ ಡಿಗ್ರಿ ಬರೆದು ಮನೆಗೆ ಹೋದೆ. ನಾನು ಬರೆಯುತ್ತಿದ್ದಾಗ, ಹೊರಡುವ ಮೊದಲು ದೊಡ್ಡಕ್ಕ ಬಾಗಿಲ ಹತ್ತಿರ ಒಂದು ಗಳಿಗೆ ನಿಂತಿದ್ದಳು. ನಾನು ತಲೆ ಎತ್ತಲಿಲ್ಲ.

ಮರುದಿನ ಬೆಳಿಗ್ಗೆ ತೊಳೆಯುವ ಶೆಡ್ಡು ಖಾಲಿ. ಐದು ಜನರಲ್ಲಿ ಒಬ್ಬಳೂ ಬರಲಿಲ್ಲ.

ಮೆಕ್ಯಾನಿಕ್ ಬಂದು ಮಷೀನಿನ ತುದಿಯ ಮುಚ್ಚಳ ಬಿಚ್ಚಿದರು. ತಾಮ್ರದ ಕೊಳವೆಗಳ ಬಾಯಿಯಲ್ಲಿ ಬೆಂಡೆಕಾಯಿ ಲೋಳೆಯಂಥದ್ದು ಬೆರಳು ದಪ್ಪ ಕಟ್ಟಿಕೊಂಡಿತ್ತು. ಅದನ್ನು ಉಜ್ಜಿ ಮೂಸಿ ನೋಡಿದರು.

"ಮೇಡಂ, ನಿಮ್ಮ ಬಾಟಲೀಲಿ ಸಕ್ಕರೆ ಹಾಕ್ತೀರಾ?"

ದಿನಾ ಸಕ್ಕರೆ ತೂಗುವವಳು ನಾನೇ. ಗಿಡ ತೆಗೆದ ಮೇಲೆ ಉಳಿದ ಅಂಟು, ಸಕ್ಕರೆ ಎಲ್ಲ ತೊಳೆದ ನೀರಿನಲ್ಲೇ ಹೋಗುತ್ತದೆ ಎಂಬುದು ಹೊಳೆದಿರಲಿಲ್ಲ. ಸೋಪಿನ ಬಗ್ಗೆ ಮಾತ್ರ ಯೋಚಿಸಿದ್ದೆ. ತಿಳಿಯಾಗಿ ಕಂಡ ಆ ನೀರು ಲೋಳೆ ಬೆಳೆಯಲು ಹೇಳಿ ಮಾಡಿಸಿದ ಪಾನಕವಾಗಿತ್ತು.

ಅಷ್ಟರಲ್ಲಿ ಸಾಹುಕಾರ್ರು ಬಂದರು. "ಯಾಕೆ ಯಾರೂ ಬಂದಿಲ್ಲ?"

"ಗೊತ್ತಿಲ್ಲ ಸರ್," ಎಂದೆ.

"ಮೇಸ್ತ್ರೀನ ಕಳಿಸ್ತೀನಿ. ಎಬ್ಬಿಸ್ಕೊಂಡು ಬರ್ತಾನೆ."

ಕೂಲಿಯವರನ್ನು ಕೆಲಸಕ್ಕೆ ಹಚ್ಚುವ ಮೇಸ್ತ್ರಿಯ ಬಾಯಿ ನನಗೆ ಗೊತ್ತಿತ್ತು. ಅವನು ಆ ಬಾಗಿಲುಗಳ ಮುಂದೆ ನಿಂತು ಏನೇನು ಅನ್ನುತ್ತಾನೆ ಎಂದು ನೆನೆದೇ ನನ್ನ ಬಾಯಿಂದ ನಿಜ ಹೊರಗೆ ಬಂತು. "ಬೇಡ ಸರ್. ನಿನ್ನೆ ನಾನು ಹಳ್ಳದ ಪಂಪು ಹಾಕಿದೆ. ಎಳೆಯೋದಿಲ್ಲ ಅಂತ ಅವ್ರಿಗೆ ಮಾತು ಕೊಟ್ಟಿದ್ದೆ."

"ಸರಿಯಾಗೇ ಮಾಡಿದ್ದೀಯ," ಎಂದರು. ಬೈದಿದ್ದರೆ ಅಷ್ಟು ನೋವಾಗುತ್ತಿರಲಿಲ್ಲ.

ನಾನೇ ಲೈನಿಗೆ ಹೋದೆ. ದೊಡ್ಡಕ್ಕನ ಮನೆಯಲ್ಲಿ ಮಗಳು ಹೆರಿಗೆಗೆ ಬಂದಿದ್ದಳು, ಕೂಸಿಗೆ ಹನ್ನೆರಡು ದಿನ. ಹಿಂದಿನ ಸಂಜೆ ಗುಂಡಿಯಲ್ಲಿ ಬರೀ ಕೆಸರಿತ್ತಂತೆ. ಬಾಣಂತಿಗೆ ನೀರು ಕಾಯಿಸಲು ಮಂಡಿನೋವಿನ ಹೆಂಗಸು ಗುಡ್ಡ ಹತ್ತಿ ಪಕ್ಕದ ಎಸ್ಟೇಟಿನ ಬಾವಿಗೆ ಹೋಗಿ ಬಂದಿದ್ದಳು. ಇದನ್ನು ಹೇಳಿದ್ದು ಮಗಳು. ದೊಡ್ಡಕ್ಕ ಜಗಲಿಯಲ್ಲಿ ಕಾಲು ಚಾಚಿ ಮಂಡಿಗೆ ಎಣ್ಣೆ ತಿಕ್ಕುತ್ತಿದ್ದಳು.

"ಪಂಪಿನ ಶಬ್ದ ನಂಗೆ ಕೇಳಿಸ್ತು," ಎಂದಳು. "ಬಾಟಲಿ ತೊಳೀತಾ ಕೂತಿದ್ದೆನಲ್ಲ, ಎರಡು ಗಂಟೆಗೇ ಕೇಳಿಸ್ತು."

"ಮತ್ತೆ ಬಂದು ಯಾಕೆ ನಿಲ್ಲಿಸ್ಲಿಲ್ಲ?"

"ಗಿಡ ಸಾಯ್ತಾ ಇರೋದು ನಮ್ಗೂ ಕಾಣ್ತದೆ ಮಾರಾಯ್ತಿ. ನೀನು ಬಂದು ಹೇಳ್ತೀಯ ಅಂತ ಕಾದೆ. ಸಾಯಂಕಾಲದ ತನಕ ಕಾದೆ. ಹೀಗಾಗಿದೆ, ಎಳೀತೀನಿ ಅಂತ ಒಂದು ಮಾತು ಹೇಳಿದ್ರೆ ಯಾರಾದ್ರೂ ಓಡಿ ಹೋಗಿ ಕೊಡ ತುಂಬಿಟ್ಕೊಳ್ತಿದ್ವಿ."

ನಾನು ಹಳ್ಳಕ್ಕೆ ಇಳಿದು ಫುಟ್‌ವಾಲ್ವ್ ಬಿಚ್ಚಿ ತಂದು ಅವಳ ಜಗಲಿಯ ಮೇಲಿಟ್ಟೆ. "ಇನ್ನು ನಾನು ಅಂದ್ಕೊಂಡ್ರೂ ಎಳೆಯೋಕಾಗೋದಿಲ್ಲ," ಎಂದೆ. ಅವಳು ಅದನ್ನು ಮುಟ್ಟಲಿಲ್ಲ.

"ಬೋರಿನ ನೀರು ಬೆಳಿಗ್ಗೆ ಮೊದ್ಲು ನಮ್ಗೆ. ಮನೆಗೆ ಎರಡು ಕೊಡ. ಆಮೇಲೆ ಬಾಟಲಿಗೆ."

"ಆಯ್ತು."

"ಸಾಹುಕಾರ್ರನ್ನ ಕೇಳಿ ಹೇಳು."

"ಕೇಳೋದಿಲ್ಲ. ಆಯ್ತು."

ಆಗ ಅವಳು ಮಷೀನಿಗೆ ಏನಾಯಿತು ಎಂದು ಕೇಳಿದಳು. ಲೋಳೆಯ ವಿಷಯ, ಸಕ್ಕರೆಯ ವಿಷಯ ಹೇಳಿದೆ. ಕೇಳುತ್ತ ಕೇಳುತ್ತ ಅವಳ ಮುಖದಲ್ಲಿ ಸಿಟ್ಟಿಗಿಂತ ಹೆಚ್ಚಾಗಿ ಬೇಸರ ಕಂಡಿತು. "ಅಂಟು ನೀರಿಗೆ ಬಿಡ್ಬೇಡಿ ಅಂದಿದ್ರೆ ಬಿಡ್ತಿರ್ಲಿಲ್ಲ. ಮೊದ್ಲು ಒಣದರಲ್ಲೇ ಕೆರೆದು ಬುಟ್ಟಿಗೆ ಹಾಕಿದ್ರೆ ಆಗ್ತದಲ್ಲ. ಆ ತೊಟ್ಟಿ, ಈ ತೊಟ್ಟಿ ಅಂತ ಓಡಾಡಿದೆ. ಚರಂಡಿಗೆ ಎಂತ ಹೋಗ್ತದೆ ಅಂತ ತೊಳೆಯೋರನ್ನ ಕೇಳ್ಲೇ ಇಲ್ಲ."

ಮಧ್ಯಾಹ್ನ ಐದು ಜನವೂ ಬಂದರು. ಬಿದಿರಿನ ಸೀಳನ್ನು ಚಮಚದಂತೆ ಕೆತ್ತಿಕೊಂಡು ಬಂದಿದ್ದರು. ಬಾಟಲಿಯ ಅಂಟನ್ನು ಕೆರೆದು ಬುಟ್ಟಿಗೆ, ಬುಟ್ಟಿಯದ್ದು ಗೊಬ್ಬರದ ಗುಂಡಿಗೆ. ಮೊದಲ ಸಲ ಅಲುಬಿದ ನೀರು ಸಣ್ಣ ಬಾನಿಯಲ್ಲಿ, ಅದೂ ಗೊಬ್ಬರಕ್ಕೆ. ಎರಡನೆಯ, ಮೂರನೆಯ ತೊಳೆತದ ನೀರು ಮಾತ್ರ ತೊಟ್ಟಿಗೆ. ಸೋಪಿನ ಪುಡಿಯ ಬದಲು ಒಂದು ಹಿಡಿ ವಾಷಿಂಗ್ ಸೋಡಾ. ಹಳೆಯ ನೀರನ್ನೆಲ್ಲ ತೋಟಕ್ಕೆ ಬಿಟ್ಟು, ಮರಳು ಬದಲಾಯಿಸಿ, ಮೊದಲಿನಿಂದ ಶುರು ಮಾಡಿದೆವು.

ತೊಟ್ಟಿ ತುಂಬಿ, ನಿಂತು, ತಿಳಿಯಾಗಲು ಆರು ದಿನ ಬೇಕಾಯಿತು. ಆ ಆರು ದಿನ ಮಷೀನಿಲ್ಲ. ಕಿಟಕಿಗಳಿಗೆ ಒದ್ದೆ ಗೋಣಿ ಕಟ್ಟೋಣವೆಂದರೆ ಅದಕ್ಕೂ ನೀರು ಬೇಕು. ದೀಪವನ್ನು ಬೆಳಗಿನ ಜಾವ ನಾಲ್ಕು ತಾಸು ಮಾತ್ರ ಹಾಕಿದೆ. ಮಧ್ಯಾಹ್ನ ಕೋಣೆ ಮೂವತ್ತೊಂದು ಮುಟ್ಟುತ್ತಿತ್ತು. ದಿನಾ ಬೆಳಿಗ್ಗೆ ರ‍್ಯಾಕುಗಳ ನಡುವೆ ಬುಟ್ಟಿ ಹಿಡಿದು ನಡೆಯುತ್ತಿದ್ದೆ. ಬಿಳಿ ಬೂಷ್ಟು, ಕಪ್ಪು ಬೂಷ್ಟು, ಗಾಜಿನಂತಾದ ಎಲೆ. ಐದರಲ್ಲಿ ಒಂದು ಬಾಟಲಿ ಹೋಯಿತು. ಸಾಹುಕಾರ್ರು ಬಾಗಿಲಲ್ಲಿ ನಿಂತು ಬುಟ್ಟಿ ನೋಡಿ ಹೋಗುತ್ತಿದ್ದರು. ಫುಟ್‌ವಾಲ್ವ್ ಎಲ್ಲಿದೆ ಎಂದು ಒಮ್ಮೆ ಕೇಳಿದರು. ಹೇಳಿದೆ. ಕೆಲಸ ಹೋಯಿತು ಎಂದೇ ಅಂದುಕೊಂಡೆ. "ಗುರುವಾರ ಮಷೀನು ಓಡ್ಬೇಕು," ಎಂದಷ್ಟೇ ಹೇಳಿ ಜೀಪು ಹತ್ತಿದರು.

ಗುರುವಾರ ಮೆಕ್ಯಾನಿಕ್ ಮೂರನೆಯ ತೊಟ್ಟಿಯ ನೀರನ್ನು ಗಾಜಿನ ಬಾಟಲಿಯಲ್ಲಿ ಹಿಡಿದು ಬಿಸಿಲಿಗೆ ತಿರುಗಿಸಿ ನೋಡಿದರು. ಮೂಸಿದರು. ನಂತರ ಗೋಪುರಕ್ಕೆ ಬಿಟ್ಟು ಮಷೀನು ಹಾಕಿದರು. ಮುಳ್ಳು ಏರತೊಡಗಿತು. ಕೆಂಪು ಗೆರೆಗೆ ಎರಡು ಬೆರಳು ಇರುವಾಗ ನಿಂತಿತು, ಅಲುಗಿತು, ಮತ್ತೆ ಒಂದಿಷ್ಟು ಇಳಿಯಿತು. ಅವರು ವಯರಿಗೆ ಇಕ್ಕಳದಂಥ ಮೀಟರು ಹಾಕಿ ಕರೆಂಟು ನೋಡಿ, "ಹಳ್ಳದ ನೀರಲ್ಲಿ ಎಷ್ಟು ಎಳೀತಿತ್ತೋ ಅಷ್ಟೇ. ಕಿಟಕಿ ಏಸಿಗಳು ಎಳೀತಿದ್ದುದಕ್ಕಿಂತ ಎಷ್ಟೋ ಕಡಿಮೆ," ಎಂದರು. ನಾನು ಗೋಡೆಗೆ ಒರಗಿ ನಿಂತೆ. ದೊಡ್ಡಕ್ಕ ಶೆಡ್ಡಿನಿಂದ ಬಂದು ಇಣುಕಿ, "ಆಯ್ತಾ?" ಎಂದಳು. "ಈಗಿನ ಮಟ್ಟಿಗೆ ಆಯ್ತು," ಎಂದೆ. ಹಿಂದಿರುಗಿ ಹೋದಳು.

ಸಲೀಸಾಗಿ ಏನೂ ನಡೆಯಲಿಲ್ಲ. ಆವಿಯಾಗುತ್ತ ಹೋದಂತೆ ಉಳಿದ ನೀರಿನಲ್ಲಿ ಲವಣ ಗಟ್ಟಿಯಾಗುತ್ತಿತ್ತು, ವಾರಕ್ಕೊಮ್ಮೆ ಗೋಪುರದ ತಳದ ನೀರನ್ನು ಬಸಿಯಬೇಕಿತ್ತು. ಬ್ಲೀಚಿಂಗ್ ಒಂದು ದಿನ ಮರೆತರೆ ಮುಳ್ಳು ನೆನಪಿಸುತ್ತಿತ್ತು. ಗಿಡ ನೋಡಲು ಬಂದ ಪ್ಲಾಂಟರುಗಳು ಕೋಣೆಯ ಬಾಗಿಲಲ್ಲಿ ಮೂಗು ಅರಳಿಸಿ, "ವಾಸನೆ ಬರೋದಿಲ್ವಾ?" ಎನ್ನುತ್ತಿದ್ದರು. ನಾನು ಕೊಳವೆಯ ಕಥೆ ಹೇಳುತ್ತಿದ್ದೆ. ಆ ವರ್ಷ ಕೊಟ್ಟ ಮಾತಿನಷ್ಟು ಗಿಡ ಕೊಡಲಾಗಲಿಲ್ಲ. ಸಾಹುಕಾರ್ರು ಕೆಲವರ ಮುಂದೆ ತಲೆ ತಗ್ಗಿಸಬೇಕಾಯಿತು. ಅದನ್ನು ಅವರು ನನಗೆ ಎಂದೂ ಎತ್ತಿ ಆಡಲಿಲ್ಲ.

ದೊಡ್ಡಕ್ಕ ಕೆಲಸಕ್ಕೆ ತಪ್ಪದೆ ಬಂದಳು. ಆದರೆ ಮೊದಲು ಊಟದ ಹೊತ್ತಿಗೆ ಉಪ್ಪಿನಕಾಯಿಯ ಡಬ್ಬಿ ನನ್ನ ಕಡೆ ತಳ್ಳುತ್ತಿದ್ದವಳು ಆಮೇಲೆ ತಳ್ಳಲಿಲ್ಲ. ಕೇಳುವ ಧೈರ್ಯ ನನಗೂ ಬರಲಿಲ್ಲ.

ಜೂನ್‌ನಲ್ಲಿ ಮಳೆ ಹಿಡಿಯಿತು. ವಾರದೊಳಗೆ ಹಳ್ಳ ಕೆಂಪಾಗಿ ಬೋರ್ಗರೆಯಿತು. ಸಾಹುಕಾರ್ರು ಕೊಡೆ ಹಿಡಿದು ಬಂದು, "ಸಾಕಮ್ಮ ಆ ತೊಟ್ಟಿ ಕೆಲಸ. ಹಳ್ಳ ತುಂಬಿದೆ, ಪಂಪು ಜೋಡ್ಸು," ಎಂದರು. ತಪ್ಪೇನೂ ಇರಲಿಲ್ಲ ಅದರಲ್ಲಿ. ಆ ನೀರು ಯಾರ ಕೊಡದಿಂದಲೂ ಕಸಿದದ್ದಾಗುತ್ತಿರಲಿಲ್ಲ.

"ನಿಲ್ಸಿದ್ರೆ ಕಾಬಾಳೆ ಒಣಗ್ತದೆ ಸರ್, ಕೆರೆದು ತೊಳೆಯೋ ಅಭ್ಯಾಸ ತಪ್ಪಿ ಹೋಗ್ತದೆ. ಮಾರ್ಚ್‌ನಲ್ಲಿ ಮತ್ತೆ ಮೊದಲಿಂದ ಶುರು ಮಾಡ್ಬೇಕು. ನಾನು ಜೋಡಿಸೋದಿಲ್ಲ."

ಎಸ್ಟೇಟಿನಲ್ಲಿ ಅವರಿಗೆ ಹಾಗೆ ಎದುರು ಮಾತಾಡಿದವರನ್ನು ನಾನು ನೋಡಿರಲಿಲ್ಲ. ಅವರು ಕೊಡೆಯ ನೀರು ಕೊಡವಿ, ತೊಟ್ಟಿಗಳ ಕಡೆ ನೋಡಿ, "ನಿನ್ನ ಹಟ," ಎಂದು ಹೋದರು.

ನಾಲ್ಕು ವರ್ಷ ಹಾಗೇ ನಡೆಯಿತು. ಆಮೇಲೆ ವೆನಿಲ್ಲಾದ ಬೆಲೆ ಬಿದ್ದುಹೋಗಿ, ಗಿಡ ಕೇಳುವವರಿಲ್ಲದೆ ಲ್ಯಾಬು ಮುಚ್ಚಿತು. ಕೊನೆಯ ತಿಂಗಳು ದೊಡ್ಡಕ್ಕ ಮತ್ತು ನಾನು ಇಬ್ಬರೇ ಸೇರಿ ಉಳಿದ ಬಾಟಲಿಗಳನ್ನು ಕೆರೆದು, ತೊಳೆದು, ಪೆಟ್ಟಿಗೆಗೆ ತುಂಬಿದೆವು.